ಡಾಕ್ಟರ್ ಓದು: ಡೊನೇಶನ್‌ನಿಂದ ಸಾಲದವರೆಗೆ

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಸಾಲದ ಚರಿತ್ರೆ ಎಂದರೆ ಬೆಳೆಸಾಲ, ಪಂಪ್‌ಸೆಟ್ ಸಾಲ ಮಾತ್ರವಲ್ಲ. ಬೆಳ್ಳಿಹಬ್ಬದ ಈ ಸಂದರ್ಭದಲ್ಲಿ ಮಕ್ಕಳ ಓದಿನ ಸಾಲವನ್ನೂ ನೆನೆಯುವುದು ಉಚಿತ. ಅದರಲ್ಲಿ ದೊಡ್ಡದು ಡಾಕ್ಟರ್ ಓದಿನದು.

ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು ಶುರುವಾದದ್ದು 1924ರಲ್ಲಿ. ಸೀಟು ಕೆಲವೇ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಆಗುಂಬೆ ಘಾಟಿಯ ಕೆಳಗೆ ಮಣಿಪಾಲದಲ್ಲಿ ಖಾಸಗಿ ಕಾಲೇಜು ತೆರೆದರು. 1965ರಲ್ಲಿ ದಾವಣಗೆರೆಯಲ್ಲೂ ಒಂದಾಯಿತು. ದುಡ್ಡಿದ್ದವರಿಗೆ ದಾರಿ ಹತ್ತಿರವಾಯಿತು. ಬರಬರುತ್ತ ರಾಜ್ಯದಲ್ಲಿ ಖಾಸಗಿ ಕಾಲೇಜುಗಳು ಹೆಚ್ಚಿದವು, "ಮಾರ್ಕ್ಸ್ ಎಷ್ಟು?" ಅನ್ನುವುದರ ಜೊತೆಗೆ "ಡೊನೇಶನ್ ಎಷ್ಟಂತೆ?" ಅನ್ನುವ ಪ್ರಶ್ನೆಯೂ ಹುಟ್ಟಿತು.

1984ರಲ್ಲಿ ರಾಜ್ಯ ಸರಕಾರ ಕ್ಯಾಪಿಟೇಶನ್ ಫೀಜು ನಿಷೇಧಿಸಿ ಕಾನೂನು ಮಾಡಿತು. 1989ರ ಆದೇಶದಂತೆ ಖಾಸಗಿ ಕಾಲೇಜಿನ ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂ., ಉಳಿದ ಕನ್ನಡನಾಡಿನವರಿಗೆ 25,000, ಹೊರರಾಜ್ಯದವರಿಗೆ 60,000. ಇದರ ಮೇಲೆಯೇ ಮೋಹಿನಿ ಜೈನ್ ಪ್ರಕರಣ ನಡೆದು, 1992ರಲ್ಲಿ ಸುಪ್ರೀಂ ಕೋರ್ಟು ಕ್ಯಾಪಿಟೇಶನ್ ಸಲ್ಲದು ಎಂದಿತು. 1993ರ ಉನ್ನಿಕೃಷ್ಣನ್ ತೀರ್ಪು ಸೀಟುಗಳನ್ನು ಅರ್ಧ ಫ್ರೀ, ಅರ್ಧ ಪೇಮೆಂಟ್ ಎಂದು ಹಂಚಿತು. 1994ರಲ್ಲಿ ಸಿ.ಇ.ಟಿ. ಬಂತು. ಅಡಿಕೆ ಬೆಳೆಗಾರನ ಮಗಳೂ ರ್‍ಯಾಂಕಿನ ಬಲದಿಂದ ಫ್ರೀ ಸೀಟು ಹಿಡಿಯುವಂತಾಯಿತು. 2002ರಲ್ಲಿ ಟಿ.ಎಂ.ಎ. ಪೈ ಫೌಂಡೇಶನ್ ತೀರ್ಪು ಆ ಏರ್ಪಾಟನ್ನು ತೆಗೆದುಹಾಕಿತು. 2007ರಲ್ಲಿ ಶಿವಮೊಗ್ಗದಲ್ಲೇ ಸರಕಾರಿ ಕಾಲೇಜು ಶುರುವಾದದ್ದು ನಮಗೆ ದೊಡ್ಡ ಉಪಕಾರ. 2017ರಿಂದ ರಾಜ್ಯದ ಸೀಟುಗಳಿಗೂ ನೀಟ್ ಪರೀಕ್ಷೆಯೇ ಬಾಗಿಲು. ಆದರೂ ಒಂದೇ ಖಾಸಗಿ ಕಾಲೇಜಿನಲ್ಲಿ ಸರಕಾರಿ, ಖಾಸಗಿ, ಅನಿವಾಸಿ ಕೋಟಾ ಎಂದು ಫೀಜು ಬೇರೆ ಬೇರೆ.

ಈ ನಡುವೆ 2001ರಲ್ಲಿ ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಬಂತು. ದೇಶದೊಳಗಿನ ಓದಿಗೆ ಆಗ 7.5 ಲಕ್ಷದವರೆಗೆ ಸಾಲ, 4 ಲಕ್ಷದವರೆಗೆ ಆಸ್ತಿಯ ಆಧಾರ ಬೇಕಿರಲಿಲ್ಲ. ಹಿಂದೆ ಒಮ್ಮೆಗೇ ಕೊಟ್ಟು ಮರೆಯುತ್ತಿದ್ದ ಡೊನೇಶನ್ ಹೋಗಿ, ವರ್ಷಗಟ್ಟಲೆ ಹೊರುವ ಸಾಲ ಆಯಿತು.

ಆದ್ದರಿಂದ ಸದಸ್ಯ ಬಾಂಧವರು ಲೆಕ್ಕ ಹಾಕಬೇಕಾದದ್ದು ಮೊದಲ ವರ್ಷದ ಫೀಜನ್ನಲ್ಲ. ಎಂ.ಬಿ.ಬಿ.ಎಸ್. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಎಂ.ಡಿ. ಮಾಡುವುದಾದರೆ ಮತ್ತೆ ಮೂರು. ಸೇರುವ ದಿನವೇ 10 ಲಕ್ಷ ಎತ್ತಿದರೆ, ಶೇ. 10ರ ಸರಳ ಬಡ್ಡಿಯೇ ಆದರೂ ಐದೂವರೆ ವರ್ಷಕ್ಕೆ 5.5 ಲಕ್ಷ ಬಡ್ಡಿ. ಕಂತುಕಂತಾಗಿ ಪಡೆದರೆ ಅಷ್ಟು ಬೆಳೆಯದು. ಹಾಸ್ಟೆಲು, ಪುಸ್ತಕದ ಖರ್ಚು ಬೇರೆ.

ಇತ್ತ ನಮ್ಮ ಆದಾಯ ವರ್ಷಕ್ಕೊಮ್ಮೆ, ಕೊನೆಕೊಯ್ಲಾದ ಮೇಲೆ. ಕೊಳೆ ಬಂದರೆ, ಎಲೆಚುಕ್ಕಿ ಹತ್ತಿದರೆ, ಮಂಡಿಯಲ್ಲಿ ಧಾರಣೆ ಬಿದ್ದರೆ ಅದೂ ಇಲ್ಲ. ಬೆಳೆಸಾಲವನ್ನು ಫೀಜಿಗೆ ತಿರುಗಿಸಿದರೆ ಗೊಬ್ಬರಕ್ಕೂ ಔಷಧಿಗೂ ದುಡ್ಡಿಲ್ಲದೆ ತೋಟ ಸೊರಗುತ್ತದೆ, ವಾಯಿದೆಗೆ ಸುಸ್ತಿಯೂ ಆಗುತ್ತದೆ. ತೋಟ ಅಡವಿಡುವ ಮೊದಲು ಅದರ ಮೇಲೆ ಉಳಿದ ಮಕ್ಕಳ ಅನ್ನವೂ ನಿಂತಿದೆ ಎಂಬುದನ್ನು ಮನೆಯವರೆಲ್ಲ ಕೂತು ಮಾತಾಡಬೇಕು. ಓದುವ ಮಗುವಿಗೂ ಲೆಕ್ಕ ತೋರಿಸಬೇಕು, ಸಾಲಪತ್ರಕ್ಕೆ ಅದರದೂ ಸಹಿ ಇರುತ್ತದಷ್ಟೆ.

ನಮ್ಮೂರಿಗೆ ಡಾಕ್ಟರು ಬೇಕು. ತೋಟ ಮಾರಿ ಓದಿದವರು ಸಾಲ ತೀರಿಸಲು ಪೇಟೆಗೇ ಹೋಗಬೇಕಾಗುತ್ತದೆ. ಹಗುರ ಸಾಲದಲ್ಲಿ ಓದಿದವರಿಗಾದರೆ ಊರಿಗೆ ಮರಳಲು ಮನಸ್ಸಿದ್ದರೆ ಸಾಕು.