‘ನಲ್ಲಿ ಬೇರು’: ಗಿಡದ ಪಾಠಕ್ಕೆ ಇನ್ನೂರು ವರ್ಷದ ಹಿನ್ನೆಲೆ

ಹೋದ ಮಳೆಗಾಲದಲ್ಲಿ ನಾವಿಬ್ಬರು ಒಂದು ಸರ್ಕಾರಿ ಶಾಲೆಯ ಇಂಗ್ಲಿಷ್ ಮಾಧ್ಯಮ ವಿಭಾಗ ಹೇಗೆ ನಡೆಯುತ್ತಿದೆ ಎಂದು ನೋಡಿ ಬರಲು ಹೋಗಿದ್ದೆವು. ಐದನೇ ತರಗತಿ, ಬೇರುಗಳ ಪಾಠ. ಮೇಷ್ಟ್ರು ಹಲಗೆಯ ಮೇಲೆ ಎರಡು ಚಿತ್ರ ಬರೆದು, ಒಂದರ ಕೆಳಗೆ ‘ಟ್ಯಾಪ್ ರೂಟ್’, ಇನ್ನೊಂದರ ಕೆಳಗೆ ‘ಫೈಬ್ರಸ್ ರೂಟ್’ ಎಂದು ಇಂಗ್ಲಿಷಿನಲ್ಲಿ ಬರೆದರು. ಮಕ್ಕಳು ಒಟ್ಟಾಗಿ ಹತ್ತು ಸಲ ಹೇಳಿದರು. ಆಮೇಲೆ ಮೇಷ್ಟ್ರು, ‘ಟ್ಯಾಪ್ ರೂಟ್ ಅಂದ್ರೆ ಏನು, ಯಾರು ಹೇಳ್ತೀರಾ?’ ಎಂದು ಕೇಳಿದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, ‘ನಲ್ಲಿ ಬೇರು ಸಾರ್’ ಅಂದಳು.

ಇಡೀ ತರಗತಿ ನಕ್ಕಿತು. ಮೇಷ್ಟ್ರೂ ನಕ್ಕರು. ಸುಳ್ಳೇಕೆ, ನಾವೂ ನಕ್ಕೆವು. ಹುಡುಗಿ ಕೂತವಳು ಪಾಠ ಮುಗಿಯುವವರೆಗೆ ಮತ್ತೆ ಬಾಯಿ ಬಿಡಲಿಲ್ಲ.

ಬಿಸಿಯೂಟದ ಹೊತ್ತಿಗೆ ಅವಳನ್ನು ಮಾತಿಗೆಳೆದೆವು. ಮೊದಲು ನಾಚಿಕೊಂಡಳು. ಆಮೇಲೆ ಶುರುವಾದ ಮಾತು ನಿಲ್ಲಲೇ ಇಲ್ಲ. ‘ರಾಗಿ ಕಿತ್ರೆ ಕೂದ್ಲು ಥರ ಬೇರು ಬರ್ತದೆ ಅಕ್ಕಾ, ಮಣ್ಣಿನ ಹೆಂಟೆನೂ ಜೊತೆಗೇ ಬರ್ತದೆ. ತೊಗರಿ ಕೀಳಕ್ಕೆ ನಮ್ಮಪ್ಪನೇ ಬೇಕು. ಒಂದೇ ಬೇರು, ಕೆಳಕ್ಕೆ ಹೋಗಿರ್ತದೆ. ಮಳೆ ಹಿಂದಾದ್ರೆ ರಾಗಿ ಸೊರಗ್ತದೆ, ಸಾಲಲ್ಲಿರೋ ತೊಗರಿ ಹಸಿರಾಗೇ ಇರ್ತದೆ.’ ಅಕ್ಕಡಿ ಸಾಲಿನ ಹೊಲದಲ್ಲಿ ಬೆಳೆದ ಮಗು ಅದು. ಎರಡು ಬಗೆಯ ಬೇರು, ಅವುಗಳ ಆಳ, ಆಳದಿಂದ ಗಿಡಕ್ಕೆ ಆಗುವ ಉಪಯೋಗ, ಮೂರನ್ನೂ ಅವಳು ಹೇಳಿದ್ದಳು. ಅದು ಅವಳ ನೋಟ್‌ಬುಕ್ಕಿನಲ್ಲಿ ಎಲ್ಲೂ ಇರಲಿಲ್ಲ. ಅಲ್ಲಿದ್ದದ್ದು ಎರಡು ಚಿತ್ರ, ನಾಲ್ಕು ಇಂಗ್ಲಿಷ್ ಪದ, ಕಾಗುಣಿತಕ್ಕೆ ಬಿದ್ದ ಒಂದು ಕೆಂಪು ಗೆರೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ನಿಘಂಟು ತೆಗೆದು ನೋಡಿದೆವು. ಹಳೆಯ ಇಂಗ್ಲಿಷಿನಲ್ಲಿ ‘ಟ್ಯಾಪ್’ ಎಂದರೆ ಪೀಪಾಯಿಯ ತೂತಿಗೆ ಬಡಿಯುವ ಮೊನಚು ಬಿರಡೆ. ಆ ಬಿರಡೆಯಿಂದಲೇ ಮುಂದೆ ನಲ್ಲಿಗೆ ಆ ಹೆಸರು ಬಂತು. ಮೇಲೆ ದಪ್ಪ, ಕೆಳಗೆ ಚೂಪು ಇರುವ ಅದೇ ಬಿರಡೆಯ ಆಕಾರ ಕಂಡು ಬೇರಿಗೂ ಆ ಹೆಸರಿಟ್ಟರು. ಅಂದರೆ ಆ ಹುಡುಗಿ ಹೇಳಿದ್ದು ಪೂರ್ತಿ ತಪ್ಪೇನಲ್ಲ. ನಲ್ಲಿಯೂ ತಾಯಿಬೇರೂ ಇಂಗ್ಲಿಷಿನಲ್ಲಿ ಒಂದೇ ಮನೆಯಿಂದ ಬಂದ ಮಾತುಗಳು. ‘ಯಾಕೆ ನಲ್ಲಿ ಅಂದೆ?’ ಎಂದು ಯಾರಾದರೂ ಒಂದು ಮಾತು ಕೇಳಿದ್ದರೆ ಅಲ್ಲೊಂದು ಒಳ್ಳೆಯ ಪಾಠ ಹುಟ್ಟುತ್ತಿತ್ತು.

ಆ ಪ್ರಶ್ನೆ ಯಾಕೆ ಬರಲಿಲ್ಲ? ಮೇಷ್ಟ್ರನ್ನು ದೂರುವುದು ಸುಲಭ. ಆದರೆ ಗಿಡದ ಪಾಠ ಹೀಗೆ ಪದಗಳ ಪಾಠವಾಗಿ ಒಣಗಿದ್ದು ಇದೇ ಮೊದಲಲ್ಲ. ಇದರ ಹಿಂದೆ ಇನ್ನೂರು ವರ್ಷದ ಕಥೆಯಿದೆ.

ಕಥೆ ಶುರುವಾಗುವುದು ಸ್ವಿಟ್ಜರ್ಲೆಂಡಿನ ಪೆಸ್ಟಲಾಟ್ಸಿಯಿಂದ. 1805ರಲ್ಲಿ ಇವರ್ಡನ್ ಊರಿನಲ್ಲಿ ಶಾಲೆ ತೆರೆದ ಈತನ ವಾದ ಸರಳವಾಗಿತ್ತು. ಮಗು ಮೊದಲು ವಸ್ತುವನ್ನು ಕಣ್ಣಾರೆ ನೋಡಲಿ, ಕೈಯಾರೆ ಮುಟ್ಟಲಿ, ಪದ ಆಮೇಲೆ ಬರಲಿ. ಬಾಯಿಪಾಠವೇ ವಿದ್ಯೆ ಅನ್ನಿಸಿಕೊಂಡಿದ್ದ ಕಾಲದಲ್ಲಿ ಇದು ದೊಡ್ಡ ಮಾತು. ಇಂಗ್ಲೆಂಡಿನ ಪಾದ್ರಿ ಚಾರ್ಲ್ಸ್ ಮೇಯೊ 1819ರಲ್ಲಿ ಅಲ್ಲಿಗೆ ಹೋಗಿ, ಕೆಲವು ವರ್ಷ ಇದ್ದು, ಈ ಪದ್ಧತಿಯನ್ನು ಹೊತ್ತು ತಂದ. ಅವನ ತಂಗಿ ಎಲಿಜಬೆತ್ ಮೇಯೊ 1830ರ ಸುಮಾರಿಗೆ ಶಿಕ್ಷಕರಿಗಾಗಿ ವಸ್ತುಪಾಠಗಳ ಪುಸ್ತಕ ಬರೆದಳು. ಅದು ಮೇಲಿಂದ ಮೇಲೆ ಅಚ್ಚಾಯಿತು.

ಎಡವಟ್ಟಾಗಿದ್ದು ಅಲ್ಲೇ. ಮೇಯೊಳ ಪುಸ್ತಕದಲ್ಲಿ ಒಂದೊಂದು ವಸ್ತುವಿಗೂ ಅದರ ಗುಣಗಳ ಪಟ್ಟಿಯಿತ್ತು: ಇದು ಪಾರದರ್ಶಕ, ಇದು ಒರಟು, ಇದು ಬೇಗ ಮುರಿಯುವಂಥದ್ದು, ಹೀಗೆ. ಮಕ್ಕಳು ನೋಡಿ ಕಂಡುಕೊಳ್ಳಲಿ, ಶಿಕ್ಷಕರಿಗೆ ಒಂದು ಆಧಾರ ಇರಲಿ ಎಂಬುದು ಅವಳ ಉದ್ದೇಶ. ಆದರೆ ಉತ್ತರ ಅಚ್ಚಾಗಿ ಕೈಯಲ್ಲಿರುವಾಗ ಅರವತ್ತು ಮಕ್ಕಳ ಮುಂದೆ ನಿಂತ ಶಿಕ್ಷಕ ವಸ್ತುವನ್ನು ಯಾಕೆ ಹುಡುಕಿಕೊಂಡು ಹೋಗುತ್ತಾನೆ? ಪಟ್ಟಿಯನ್ನೇ ಬಾಯಿಪಾಠ ಮಾಡಿಸಿದರಾಯಿತು. ಪದದ ಹಂಗು ತಪ್ಪಿಸಲು ಬಂದ ಪದ್ಧತಿ ಮಕ್ಕಳ ತಲೆಯ ಮೇಲೆ ಇನ್ನಷ್ಟು ಕಠಿಣ ಪದಗಳನ್ನು ಹೇರಿತು. 1854ರಲ್ಲಿ ಬಂದ ಡಿಕನ್ಸನ ‘ಹಾರ್ಡ್ ಟೈಮ್ಸ್’ ಕಾದಂಬರಿ ಆ ಕಾಲದ ಇಂಥ ತರಗತಿಯೊಂದನ್ನು ಗೇಲಿ ಮಾಡುತ್ತದೆ. ಸರ್ಕಸ್ಸಿನ ಕುದುರೆಗಳ ನಡುವೆಯೇ ಬೆಳೆದ ಹುಡುಗಿ ಕುದುರೆಯ ವ್ಯಾಖ್ಯೆ ಹೇಳಲಾರದೆ ದಡ್ಡಿ ಅನ್ನಿಸಿಕೊಳ್ಳುತ್ತಾಳೆ. ಕುದುರೆಯ ಸಹವಾಸವೇ ಇಲ್ಲದ ಹುಡುಗ ಹಲ್ಲುಗಳ ಲೆಕ್ಕ ಸಮೇತ ಒಪ್ಪಿಸಿ ಜಾಣ ಅನ್ನಿಸಿಕೊಳ್ಳುತ್ತಾನೆ. ನಮ್ಮ ತೊಗರಿ ಹುಡುಗಿಗೆ ನೂರೆಪ್ಪತ್ತು ವರ್ಷ ಹಿಂದಿನ ಅಕ್ಕ ಅವಳು.

ಮಿಷನರಿ ಶಾಲೆಗಳ ಹಿಂದೆಯೇ ವಸ್ತುಪಾಠ ಭಾರತಕ್ಕೂ ಬಂತು. ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೂ ಹೋಯಿತು. ನ್ಯೂಯಾರ್ಕ್ ರಾಜ್ಯದ ಆಸ್ವಿಗೊ ಊರಿನಲ್ಲಿ 1861ರಲ್ಲಿ ಇದಕ್ಕೆಂದೇ ಶಿಕ್ಷಕರ ತರಬೇತಿ ಶಾಲೆ ತೆರೆಯಿತು. ಅಲ್ಲಿಯೂ ಕೊನೆಗೆ ಅದು ಪದಗಳ ಗಿಣಿಪಾಠ ಎಂಬ ಟೀಕೆ ತಪ್ಪಲಿಲ್ಲ.

ನಮಗೆ ಹೆಚ್ಚು ಹಿಡಿಸಿದ್ದು ಮುಂದಿನ ಅಧ್ಯಾಯ. 1890ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಬೇಸಾಯ ಕುಸಿದಿತ್ತು. ಹಳ್ಳಿಯ ಹುಡುಗರು ಗಂಟುಮೂಟೆ ಕಟ್ಟಿ ಪೇಟೆಗೆ ಹೊರಟಿದ್ದರು. (ಓದುವಾಗ ನಮ್ಮೂರಿನ ಬಸ್‌ಸ್ಟ್ಯಾಂಡ್ ಕಣ್ಮುಂದೆ ಬಂತು.) ಮಕ್ಕಳಿಗೆ ತಮ್ಮ ಹೊಲದ ಮೇಲೆ ಕುತೂಹಲ ಹುಟ್ಟಿದರೆ ಹಳ್ಳಿಯಲ್ಲಿ ಉಳಿದಾರು ಎಂಬ ಆಸೆಯಿಂದ ಸರ್ಕಾರ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹಣ ಕೊಟ್ಟು, ಹಳ್ಳಿ ಶಾಲೆಗಳಿಗೆ ನಿಸರ್ಗ ಪಾಠ ತಲುಪಿಸಲು ಹೇಳಿತು. ಲಿಬರ್ಟಿ ಹೈಡ್ ಬೈಲಿ, ಅನ್ನಾ ಬಾಟ್ಸ್‌ಫರ್ಡ್ ಕಾಮ್‌ಸ್ಟಾಕ್, ಮತ್ತು ಸ್ವತಃ ರೈತನಾಗಿದ್ದ ಜಾನ್ ಸ್ಪೆನ್ಸರ್ ಆ ಕೆಲಸಕ್ಕೆ ನಿಂತರು.

ಮಕ್ಕಳ ಪಾಲಿಗೆ ಸ್ಪೆನ್ಸರ್ ‘ಅಂಕಲ್ ಜಾನ್’ ಆಗಿದ್ದ. ಅವನು ಶಾಲೆಗಳಲ್ಲಿ ಪುಟಾಣಿ ನಿಸರ್ಗ ಸಂಘಗಳನ್ನು ಕಟ್ಟಿಸಿದ. ಸಂಘದ ಚಂದಾ ಎಂದರೆ ದುಡ್ಡಲ್ಲ, ಒಂದು ಕಾಗದ. ಗಿಡದಲ್ಲೋ ಹುಳದಲ್ಲೋ ಹಕ್ಕಿಯಲ್ಲೋ ತಾನು ಕಂಡದ್ದನ್ನು ಮಗು ಬರೆದು ಅಂಕಲ್ ಜಾನ್‌ಗೆ ಕಳಿಸಬೇಕು. ಸಾವಿರಾರು ಕಾಗದಗಳು ಬಂದವು. ಪಾಠ ಕೇಳಿದ ಮೇಲೆ ಅದನ್ನು ಮನಸ್ಸಿನಲ್ಲಿ ಹೊರಳಿಸಿ ನೋಡಿ, ತನ್ನ ಮಾತಿನಲ್ಲಿ ಹೇಳುವುದಕ್ಕೆ ಮಗುವಿಗೆ ಬೇಕಾದದ್ದು ಕೇಳಿಸಿಕೊಳ್ಳುವ ಒಬ್ಬ ಮನುಷ್ಯ. ಇಲ್ಲಿ ಅವನು ಸಿಕ್ಕಿದ್ದ. ಸುದ್ದಿ ಬರೆಯುವವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಓದುವವರು ಯಾರೋ ಇದ್ದಾರೆ ಅನ್ನಿಸದೆ ನಾವೂ ಒಂದು ಸಾಲು ಬರೆದವರಲ್ಲ.

ಅನ್ನಾ ಕಾಮ್‌ಸ್ಟಾಕ್ ಇದನ್ನೆಲ್ಲ ಸೇರಿಸಿ 1911ರಲ್ಲಿ ‘ಹ್ಯಾಂಡ್‌ಬುಕ್ ಆಫ್ ನೇಚರ್ ಸ್ಟಡಿ’ ಎಂಬ ದಪ್ಪ ಪುಸ್ತಕ ತಂದಳು. 1898ರಲ್ಲಿ ಸಹಾಯಕ ಪ್ರಾಧ್ಯಾಪಕಿ ಎಂದು ನೇಮಕವಾಗಿ, ಹೆಂಗಸಿಗೆ ಆ ಪದವಿ ಬೇಡ ಎಂದು ವಿಶ್ವವಿದ್ಯಾಲಯದ ಧರ್ಮದರ್ಶಿಗಳು ತಗಾದೆ ತೆಗೆದಿದ್ದರಿಂದ ಉಪನ್ಯಾಸಕಿಯಾಗಿ ಇಳಿದವಳು ಇವಳು. ಈ ಪುಸ್ತಕದಿಂದ ನಷ್ಟವೇ ಎಂದು ಗಂಡನೇ ಅಂದುಕೊಂಡಿದ್ದನಂತೆ. ನೂರು ವರ್ಷ ದಾಟಿದರೂ ಅದು ಅಚ್ಚಾಗುತ್ತಲೇ ಇದೆ. ಪಾಠಗಳ ಕೊನೆಯಲ್ಲಿ ಪ್ರಶ್ನೆಗಳಿವೆ, ಅವುಗಳಿಗೆ ಉತ್ತರ ಹುಡುಕಲು ಮಗು ಗಿಡದ ಹತ್ತಿರವೇ ಹೋಗಬೇಕು. ಮೇಯೊಳ ಪಟ್ಟಿಯಿಂದ ಆದ ಅನಾಹುತಕ್ಕೆ ಇದು ಮದ್ದಿನಂತಿತ್ತು.

ಶಿಕ್ಷಕರಿಗೆ ಅವಳು ಹೇಳಿದ ಎರಡು ಮಾತು ನಮ್ಮನ್ನು ಹಿಡಿದು ನಿಲ್ಲಿಸಿದವು. ಮಗು ಹೊರಗೆ ಹೋದಾಗ ಬರೆದುಕೊಳ್ಳುವ ಪುಸ್ತಕ ಮಗುವಿನ ಸ್ವಂತ ಆಸ್ತಿ, ಹುರಿದುಂಬಿಸುವುದಕ್ಕಲ್ಲದೆ ಶಿಕ್ಷಕರು ಅದರಲ್ಲಿ ಕೈಯಾಡಿಸಬಾರದು ಎಂಬುದು ಮೊದಲನೆಯದು. ಭಾಷೆ ಕಲಿಸಲು ಗಿಡದ ಪಾಠ ಒಳ್ಳೆಯದೇ, ಮಗುವಿಗೆ ಹೇಳಲು ಏನಾದರೂ ಸಿಗುತ್ತದೆ. ಆದರೆ ಕಾಗುಣಿತ ತಿದ್ದುವ ನೆವಕ್ಕೆ ಗಿಡವನ್ನು ಬಳಸಿದರೆ ಎರಡೂ ಕೆಡುತ್ತವೆ. ಇನ್ನೊಂದು ಮಾತು: ತಿಳಿಯದ್ದನ್ನು ಕೇಳಿದಾಗ ‘ನನಗೆ ಗೊತ್ತಿಲ್ಲ, ಬಾ ಒಟ್ಟಿಗೆ ನೋಡೋಣ’ ಎನ್ನಲು ಶಿಕ್ಷಕರು ಹಿಂಜರಿಯಬಾರದು.

ಕಾಮ್‌ಸ್ಟಾಕಳ ಹಳ್ಳಿ ಮಕ್ಕಳಲ್ಲಿ ಹೆಚ್ಚಿನವರದು ಮನೆಯಲ್ಲೂ ಇಂಗ್ಲಿಷೇ. ಇಂಗ್ಲಿಷ್ ಹೊಸದಾಗಿದ್ದ ಮಕ್ಕಳ ಕಥೆ ಬೇಕೆಂದರೆ ಅದೇ ರಾಜ್ಯದ ನ್ಯೂಯಾರ್ಕ್ ನಗರಕ್ಕೆ ಇಳಿಯಬೇಕು. 1902ರಲ್ಲಿ ಫ್ಯಾನಿ ಗ್ರಿಸ್ಕಮ್ ಪಾರ್ಸನ್ಸ್ ಎಂಬಾಕೆ ಮ್ಯಾನ್‌ಹಟನ್ನಿನ ಪಶ್ಚಿಮಕ್ಕೆ, ಡಿವಿಟ್ ಕ್ಲಿಂಟನ್ ಪಾರ್ಕಿನಲ್ಲಿ ಮಕ್ಕಳ ಶಾಲಾತೋಟ ತೆರೆದಳು. ಸುತ್ತ ಇದ್ದದ್ದು ವಲಸಿಗ ಕೂಲಿಕಾರರ ಇಕ್ಕಟ್ಟಿನ ಕೇರಿಗಳು. ಒಂದೊಂದು ಮಗುವಿಗೆ ಒಂದೊಂದು ಪುಟ್ಟ ಪಾತಿ. ಬಿತ್ತಿದ್ದೂ ಕಿತ್ತಿದ್ದೂ ಮಕ್ಕಳೇ. ನಾಲ್ಕು ತರಕಾರಿ ಬೆಳೆಯುವುದಕ್ಕಲ್ಲ, ಶಿಸ್ತು, ಪ್ರಾಮಾಣಿಕತೆಯಂಥ ನಾಗರಿಕ ಗುಣಗಳನ್ನು ಕಲಿಸುವುದಕ್ಕೆ ಈ ತೋಟ ಎಂದು ಪಾರ್ಸನ್ಸ್ ಹೇಳುತ್ತಿದ್ದಳು. ಆ ಕಾಲದ ಭಾಷೆಯಲ್ಲಿ ಅದಕ್ಕೆ ಅಮೆರಿಕನ್ನರನ್ನಾಗಿ ಮಾಡುವುದು ಎಂಬ ಅರ್ಥವೂ ಇತ್ತು. ಕೈಯಲ್ಲಿ ಗಿಡ ಹಿಡಿದು ಅದರ ಇಂಗ್ಲಿಷ್ ಹೆಸರು ಕಲಿತದ್ದು ದೊಡ್ಡ ಲಾಭವೇ, ಅನುಮಾನವಿಲ್ಲ. ಆದರೂ ನಮಗೊಂದು ಕಸಿವಿಸಿ. ಸಿಸಿಲಿಯಲ್ಲೋ ಐರ್ಲೆಂಡಿನಲ್ಲೋ ಹೊಲ ಉತ್ತು ಬಂದ ಅಜ್ಜಿಯರು ಆ ಮಕ್ಕಳ ಮನೆಗಳಲ್ಲಿ ಇದ್ದಿರಲೇಬೇಕು. ಬೀಜದ ಬಗ್ಗೆ ಅವರಿಗೆ ಗೊತ್ತಿದ್ದದ್ದನ್ನು ತೋಟಕ್ಕೆ ತಾ ಎಂದು ಮಕ್ಕಳಿಗೆ ಹೇಳುವುದು ಅಮೆರಿಕನ್ನರನ್ನಾಗಿ ಮಾಡುವ ಆ ಲೆಕ್ಕಾಚಾರದೊಳಗೆ ಬರುವಂಥದ್ದಲ್ಲ.

ಈಗ ನಮ್ಮಲ್ಲಿಗೆ ಬರೋಣ. ಕರ್ನಾಟಕದಲ್ಲಿ ಮಾಧ್ಯಮದ ಜಗಳ ಎಲ್ಲರಿಗೂ ಗೊತ್ತಿರುವುದೇ, ಬೇಗ ದಾಟುತ್ತೇವೆ. ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂಬ 1994ರ ಆದೇಶ, ಅದನ್ನು ಶಾಲೆಗಳ ಮೇಲೆ ಹೇರುವಂತಿಲ್ಲ ಎಂದ 2014ರ ಸುಪ್ರೀಂ ಕೋರ್ಟ್ ತೀರ್ಪು. ನಡುವೆ 2007ರಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಬೇಕು ಬೇಡ ಎಂಬ ವಾದದಲ್ಲಿ ನಮ್ಮ ತಂಡದಲ್ಲೇ ಎರಡು ಪಕ್ಷ. ನಮ್ಮ ಊರುಗಳ ಅಪ್ಪ ಅಮ್ಮಂದಿರು ಯಾಕೆ ಇಂಗ್ಲಿಷ್ ಕೇಳುತ್ತಾರೆ ಎಂಬುದು ಎರಡೂ ಪಕ್ಷಕ್ಕೆ ಗೊತ್ತು. ಇಂಗ್ಲಿಷಿನ ಕಾರಣಕ್ಕೆ ಇಂಟರ್‌ವ್ಯೂಗಳಲ್ಲಿ ತಲೆತಗ್ಗಿಸಿ ಬಂದವರು ನಮ್ಮಲ್ಲೂ ಇದ್ದೇವೆ.

ಆದರೆ ಈ ಜಗಳದ ಗದ್ದಲದಲ್ಲಿ ಸಣ್ಣದೊಂದು ವಿಷಯ ಕಳೆದುಹೋಗಿದೆ. ಪಾಠ ಇಂಗ್ಲಿಷಿನದೇ ಆಗಲಿ, ಪಾಠ ಮುಗಿದ ಮೇಲೆ ಮಗು ಯಾವ ಭಾಷೆಯಲ್ಲಿ ಯೋಚನೆ ಮಾಡಬಹುದು? ರಾಜ್ಯದಲ್ಲಿ ಇದಕ್ಕೆ ದಾರಿಯೇ ಇರಲಿಲ್ಲ ಎಂದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ, ಮಕ್ಕಳನ್ನು ಗುಂಪಾಗಿ ನೆಲದ ಮೇಲೆ ಕೂರಿಸಿ, ಕಾರ್ಡು ಕೈಗಿತ್ತು, ಅವರವರ ವೇಗದಲ್ಲಿ ಮಾತಾಡುತ್ತಾ ಕಲಿಯಲು ಬಿಟ್ಟಿತ್ತು. ಆದರೆ ಅದು ಚಿಕ್ಕ ತರಗತಿಗಳಿಗೆ ಮಾತ್ರ. ಬೆಂಚು ಬಂದ ಕೂಡಲೇ ಮಕ್ಕಳ ಮಾತು ಗಲಾಟೆಯಾಗುತ್ತದೆ.

ಇನ್ನೊಂದು ದಾರಿ ತೋರಿಸಿದವರು ಬಿ.ಜಿ.ಎಲ್. ಸ್ವಾಮಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು, ಹಾರ್ವರ್ಡಿನಲ್ಲಿ ಸಂಶೋಧನೆ ಮಾಡಿದವರು. ಅವರ ವಿಜ್ಞಾನದ ಹೆಸರುಗಳು ಲ್ಯಾಟಿನ್, ಸಂಶೋಧನೆಯ ಭಾಷೆ ಇಂಗ್ಲಿಷ್. ಆದರೆ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ್ದನ್ನು ಹೇಳಲು ಕೂತಾಗ ಅವರು ಹಿಡಿದದ್ದು ಕನ್ನಡ. 1976ರ ‘ಹಸುರು ಹೊನ್ನು’ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರಲ್ಲಿ ಗಿಡದ ವಿವರದ ಜೊತೆಗೆ ಹುಡುಗ ಹುಡುಗಿಯರ ಪೇಚಾಟ, ತಮಾಷೆ, ತರಲೆ ಪ್ರಶ್ನೆಗಳೂ ಇವೆ. ಹೆಸರು ತಪ್ಪಿ ಹೇಳಿದವನನ್ನು ನೋಡಿ ನಗುವುದುಂಟು, ಆದರೆ ನಕ್ಕು ಅಲ್ಲಿಗೇ ಬಿಡುವುದಿಲ್ಲ, ಮತ್ತೆ ಗಿಡದ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಎರಡು ಭಾಷೆಗಳ ನಡುವೆ ಓಡಾಡುವುದು ಅವರಿಗೆ ಕೊರತೆ ಅನ್ನಿಸಲಿಲ್ಲ.

ಕನ್ನಡದ ಕಡೆಯಿಂದ ನೋಡಿದರೆ ಸಸ್ಯಪಾಠಕ್ಕೆ ಎಷ್ಟು ಸಾಮಾನು ಇದೆ! ಇಂಗ್ಲಿಷ್ ಪಾಠದಲ್ಲಿ ‘ಫ್ರೂಟ್’ ಎಂಬ ಒಂದೇ ಪದ. ನಮ್ಮ ಮಕ್ಕಳ ಬಾಯಲ್ಲಿ ಹೀಚು, ಕಾಯಿ, ದೋರೆಗಾಯಿ, ಹಣ್ಣು. ಪಾಠದ ‘ಲೀಫ್’ ನಮ್ಮಲ್ಲಿ ಊಟಕ್ಕೆ ಹಾಕಿದರೆ ಎಲೆ, ಸಾರಿಗೆ ಹಾಕಿದರೆ ಸೊಪ್ಪು, ತೆಂಗಿನ ಮರದ ಮೇಲಿದ್ದರೆ ಗರಿ. ಹೂವು ಕಾಯಾಗಿ ಕಾಯಿ ಹಣ್ಣಾಗುವ ಹಂತಗಳನ್ನು ಮಗು ಈ ಮಾತುಗಳಲ್ಲೇ ಗಮನಿಸಿದೆ. ಅದನ್ನು ಮೊದಲು ಹೇಳಲು ಬಿಟ್ಟು, ಆಮೇಲೆ ‘ಇದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ ನೋಡೋಣ’ ಅಂದರೆ ಆ ಪದ ಹೋಗಿ ಕೂರಲು ಒಂದು ಜಾಗ ಇರುತ್ತದೆ. ಇಂಗ್ಲಿಷ್ ಪದವನ್ನೇ ಮೊದಲು ಕೊಟ್ಟು ಬಾಯಿ ಕಟ್ಟಿದರೆ ಮಗು ಸಿಕ್ಕಿದ ಕಡೆ ಕೂರಿಸುತ್ತದೆ. ನಲ್ಲಿ ಬೇರು ಹುಟ್ಟಿದ್ದು ಹಾಗೇ.

ಬಿರಡೆಯ ಕಥೆಯನ್ನು ಅರ್ಧ ಪುಟ ಬರೆದು ಆ ಮೇಷ್ಟ್ರಿಗೆ ಕಳಿಸಿದೆವು. ಎಲ್ಲಿ ಬೇಜಾರು ಮಾಡಿಕೊಳ್ಳುತ್ತಾರೋ ಎಂಬ ಅಳುಕು ಇತ್ತು. ವಾರದ ಮೇಲೆ ಅವರೇ ಫೋನ್ ಮಾಡಿದರು. ತರಗತಿಯಲ್ಲಿ ಓದಿ ಹೇಳಿದರಂತೆ. ಮಕ್ಕಳಿಂದಲೇ ತೊಗರಿಯದೊಂದು, ರಾಗಿಯದೊಂದು ಗಿಡ ಬೇರು ಸಮೇತ ತರಿಸಿದರಂತೆ. ಅಷ್ಟರಲ್ಲಿ ಅದೇ ಹುಡುಗಿ ಎದ್ದು, ‘ಹಂಗಾದ್ರೆ ನಾವು ತಾಯಿಬೇರು ಅಂತ ಯಾಕಂತೀವಿ ಸಾರ್, ಅದಕ್ಕೆ ಮಕ್ಕಳು ಯಾರು?’ ಎಂದು ಕೇಳಿದಳಂತೆ.

‘ನೀವೇನು ಹೇಳಿದ್ರಿ ಸಾರ್?’ ಅಂದೆವು.

‘ಗೊತ್ತಿಲ್ಲ ಕಣಮ್ಮ ಅಂದೆ. ಪ್ರಶ್ನೆನಾ ಹಲಗೆ ಮೂಲೆಯಲ್ಲಿ ಬರೆದಿದೀನಿ. ಕನ್ನಡದಲ್ಲೇ ಬರೆದಿದೀನಿ. ಅಳಿಸಬೇಡಿ ಅಂತ ಹೇಳಿದೀನಿ.’