ಶಾಲೆ ಬಿಟ್ಟ ಮೇಲಿನ ಬಾಲಕ: ಕೊಳ್ಳೇಗಾಲ ಸೀಮೆಯಲ್ಲಿ ಸ್ಕೌಟ್ ಚಳವಳಿಯೂ ಸಭೆಯೂ

ಸಭೆಯ ಆಶ್ರಯದಲ್ಲಿ ನಡೆಯುವ ಸ್ಕೌಟ್ ದಳಗಳಲ್ಲಿ ಹದಿನೈದು ದಾಟಿದ ಹುಡುಗರು ನಿಲ್ಲುವುದಿಲ್ಲವೆಂಬ ದೂರು ಚಳವಳಿಯಷ್ಟೇ ಹಳೆಯದು. ಬೇಡನ್ ಪೊವೆಲ್ 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ನಡೆಸಿದರು. ದಶಕ ಕಳೆಯುವಷ್ಟರಲ್ಲಿ ಆರಂಭದ ಬಾಲಕರು ಮೀಸೆ ಬಂದ ಯುವಕರಾಗಿದ್ದರು. 1918ರಲ್ಲಿ ರೋವರ್ ವಿಭಾಗ ಹುಟ್ಟಿದ್ದು ಅವರಿಗಾಗಿಯೇ. ಅಲ್ಲಿ ಬೇಡನ್ ಪೊವೆಲ್ ಹಿರಿಯರಿಗೆ ಕಿರಿಯರ ಆಟಗಳನ್ನೇ ಮುಂದುವರಿಸಿ ಕೊಡಲಿಲ್ಲ. ‘ಸೇವೆ’ ಎಂಬುದನ್ನು ಅವರ ಧ್ಯೇಯವಾಕ್ಯವಾಗಿಸಿದರು. ನಮ್ಮ ಸಭಾಪಾಲಕರು ಸ್ಕೌಟ್ ಚಳವಳಿಯ ಬಗ್ಗೆ ಮಾತಾಡುವಾಗ ಈ ತಿರುವನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಭಾರತದ ಮೊದಲ ದಳವನ್ನು ಕ್ಯಾಪ್ಟನ್ ಟಿ. ಎಚ್. ಬೇಕರ್ 1909ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದರು. ಅದು ಯೂರೋಪಿಯನ್ ಬಾಲಕರಿಗೆ ಮೀಸಲು. ಭಾರತೀಯ ಬಾಲಕರಿಗೆ ಬಾಗಿಲು ತೆರೆಯಲು ಮದರಾಸಿನಲ್ಲಿ ಆನಿ ಬೆಸೆಂಟ್ ಪ್ರತ್ಯೇಕ ಸಂಘವನ್ನೇ ಸ್ಥಾಪಿಸಬೇಕಾಯಿತು. 1921ರಲ್ಲಿ ಬೇಡನ್ ಪೊವೆಲ್ ಬಂದಾಗ ಅದು ಮೂಲ ಸಂಘದೊಡನೆ ಕೂಡಿಕೊಂಡಿತು. ಹಾಗೆ ಬಾಗಿಲು ತೆರೆದವರು ಕ್ರೈಸ್ತ ಸಭೆಯವರಲ್ಲ, ಥಿಯಾಸಫಿಯ ನಾಯಕಿ ಎಂಬುದನ್ನು ನಾವು ಸಂಕೋಚವಿಲ್ಲದೆ ಒಪ್ಪಬೇಕು.

ಇನ್ನು ನಮ್ಮ ಸೀಮೆಗೆ ಬರೋಣ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಯಳಂದೂರು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿಂದ ಅರ್ಧ ದಿನದ ನಡಿಗೆಯಷ್ಟು ದೂರದ ಕೊಳ್ಳೇಗಾಲವೂ ಅದರೊಳಗಿದ್ದ ಹನೂರೂ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ಒಂದೇ ಮಾತನಾಡುವ, ಒಂದೇ ಸಂತೆಗೆ ಹೋಗುವ ಬಾಲಕರು ಎರಡು ಸರಕಾರಗಳ ಶಾಲಾ ಇಲಾಖೆಗಳಲ್ಲಿ ಬೆಳೆದರು. 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸ್ಥಾಪನೆಯಾಗಿ ಸಂಘಗಳು ಒಂದಾದರೂ ಇಲ್ಲಿನ ಗಡಿ ಅಳಿಯಲು ಇನ್ನೂ ಆರು ವರ್ಷ ಬೇಕಾಯಿತು. ಹನೂರಿನ ಆಚೆ ಮಾರ್ಟಳ್ಳಿಯ ಕಥೋಲಿಕ ಕುಟುಂಬಗಳ ಮನೆಮಾತು ಇಂದಿಗೂ ತಮಿಳೇ.

ಗಡಿಗಿಂತ ದೊಡ್ಡ ಕಾರಣ ದುಡಿಮೆ. ಕೊಳ್ಳೇಗಾಲವೆಂದರೆ ರೇಷ್ಮೆ. ಹುಳುಗಳು ಕೊನೆಯ ಜ್ವರ ಕಳೆದು ಎದ್ದಮೇಲೆ ಗೂಡು ಕಟ್ಟುವವರೆಗೆ ಹಗಲಿರುಳೆನ್ನದೆ ಸೊಪ್ಪು ತಿನ್ನುತ್ತವೆ. ಆ ವಾರದಲ್ಲಿ ಸೊಪ್ಪು ಕೊಯ್ದು ಹೊರಲು ಮನೆಗೆ ಬೇಕಾದವನು ತೋಳಿಗೆ ಬಲ ಬಂದ ಹುಡುಗನೇ ಹೊರತು ಎಂಟು ವರ್ಷದ ಮಗುವಲ್ಲ. ಮಗ್ಗದ ಮನೆಗಳಲ್ಲಿಯೂ ಹಾಗೆಯೇ. ಶನಿವಾರದ ಮೆರವಣಿಗೆಗೆ ಅವನು ಬಾರದಿದ್ದರೆ ‘ಆಸಕ್ತಿ ಕುಂದಿತು’ ಎಂದು ದಳನಾಯಕರು ವರದಿ ಬರೆಯುತ್ತಾರೆ. ಆಸಕ್ತಿ ಕುಂದಿರಲಿಲ್ಲ, ಹುಳು ಹಸಿದಿತ್ತು.

ಕಾಡಿನ ಕಥೆ ಬೇರೆ. ಹೆಜ್ಜೆಗುರುತು ಓದುವುದು, ಗಾಳಿಯ ದಿಕ್ಕು ತಿಳಿಯುವುದು, ಸದ್ದಿಲ್ಲದೆ ನಡೆಯುವುದು ಸ್ಕೌಟ್ ಕೈಪಿಡಿಯ ಪಾಠಗಳು. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬಾಲಕನಿಗೆ ಇವನ್ನು ಕಲಿಸಲು ಹೋಗುವುದು ಮೀನಿಗೆ ಈಜು ಕಲಿಸಿದಂತೆ. ಅವನನ್ನು ಗುರುವಾಗಿ ಕೂರಿಸಿದ ದಳಗಳು ವಿರಳ. ಅನಂತರ ವೀರಪ್ಪನ್‌ನ ಕಾಲ ಬಂತು. 1992ರಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿ, ಮರುವರ್ಷ ಪಾಲಾರ್ ಬಳಿ ಸ್ಫೋಟ. ಖಾಕಿ ತೊಟ್ಟ ಹದಿನೇಳರ ಹುಡುಗನನ್ನು ಆ ಕಾಡಿಗೆ ಶಿಬಿರಕ್ಕೆ ಕಳುಹಿಸುವ ತಾಯಿ ಯಾರು? 2004ರಲ್ಲಿ ಆ ಭಯ ಮುಗಿದ ಮೇಲೆ ಅರಣ್ಯ ನಿಯಮಗಳು ಬಿಗಿಯಾದವು: ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಮಲೆ ಮಹದೇಶ್ವರ ಬೆಟ್ಟ 2013ರಲ್ಲಿ ವನ್ಯಜೀವಿಧಾಮವಾಯಿತು.

ಆದರೂ ಮೂಲ ದೋಷ ಹೊರಗಿಲ್ಲವೆಂದು ನಮ್ಮ ಅಭಿಪ್ರಾಯ. ಇಂಗ್ಲೆಂಡಿನಲ್ಲಿ ಎಷ್ಟೋ ದಳಗಳು ಸಭೆಗೇ ಸೇರಿದ್ದವು. ಶಾಲೆ ಮುಗಿದರೂ ಹುಡುಗನು ಅದೇ ಅಂಗಳಕ್ಕೆ ಬರುತ್ತಿದ್ದನು. ನಮ್ಮಲ್ಲಿ ದಳವು ಶಾಲೆಗೆ ಅಂಟಿಕೊಂಡಿತು. ಎಸ್ಸೆಸ್ಸೆಲ್ಸಿ ಮುಗಿದ ದಿನವೇ ಸ್ಕಾರ್ಫು ಗಂಟುಮೂಟೆ ಸೇರುತ್ತದೆ. ಅವನು ಕಾಲೇಜಿಗಾಗಿ ಮೈಸೂರಿಗೋ ಕೆಲಸಕ್ಕಾಗಿ ತಿರುಪ್ಪೂರಿಗೋ ಹೊರಡುತ್ತಾನೆ. ಕಾಲೇಜಿನಲ್ಲಿ 1948ರಿಂದ ಎನ್‌ಸಿಸಿ, 1969ರಿಂದ ಎನ್‌ಎಸ್‌ಎಸ್ ಅವನಿಗಾಗಿ ಕಾದಿವೆ. ಉದ್ಯೋಗಕ್ಕೆ ನೆರವಾಗುವ ಪ್ರಮಾಣಪತ್ರವೂ ಅಲ್ಲುಂಟು. ಊರಿನಲ್ಲೇ ಉಳಿದವನಿಗೆ ಮಾತ್ರ ಯಾವುದೂ ಇಲ್ಲ. ಸಭೆ ಅವನನ್ನು ಮತ್ತೆ ನೆನೆಯುವುದು ಕ್ರಿಸ್ಮಸ್ಸಿಗೆ ಚಪ್ಪರ ಕಟ್ಟುವಾಗ.

ಲೂಕನು ಹನ್ನೆರಡು ವರ್ಷದ ಯೇಸುವನ್ನು ದೇವಾಲಯದಲ್ಲಿ ತೋರಿಸಿ, ಸುಮಾರು ಮೂವತ್ತರವರೆಗೆ ಮೌನವಾಗುತ್ತಾನೆ. ಆ ವರ್ಷಗಳ ಬಗ್ಗೆ ನಮಗೆ ಸಿಗುವ ಸುಳಿವು ಮಾರ್ಕನ ಒಂದೇ ಪದ, ಬಡಗಿ. ಯೇಸುವಿನ ಹಿರಿಯ ಬಾಲ್ಯ ಕಳೆದದ್ದು ಕಸುಬಿನ ನಡುವೆ ಎಂಬ ಅರ್ಥ ಅದರಲ್ಲಿದೆ. ಹಾಗಿದ್ದ ಮೇಲೆ ನೇಯ್ಗೆಯ ಹುಡುಗನ ಮಗ್ಗವನ್ನು ದಳದ ಶತ್ರುವೆಂದು ಎಣಿಸುವುದೇಕೆ? ರೋವರ್ ನಿಯಮಗಳು ಶಾಲೆಯ ಹೊರಗೆ ದಳ ಕಟ್ಟಲು ಅಡ್ಡಿಯಾಗಿಲ್ಲ. ಕೊಳ್ಳೇಗಾಲದ ಸಭೆಯೊಂದು ಹುಳುವಿನ ಬೆಳೆಗಳ ನಡುವಣ ಬಿಡುವನ್ನು ನೋಡಿ ತಿಂಗಳ ಕೂಟವನ್ನು ಇಟ್ಟುಕೊಂಡು, ಹದಿನೆಂಟರ ಯುವಕನ ಕೈಗೆ ಹತ್ತು ವರ್ಷದ ಆರು ಮಕ್ಕಳನ್ನು ಒಪ್ಪಿಸಿದರೆ, ಅವನ ಹಾಜರಿಯನ್ನು ಆ ಆರು ಮಕ್ಕಳೇ ವಿಚಾರಿಸಿಕೊಳ್ಳುತ್ತಾರೆ.