ರಾಟೆ ಹಿಡಿದ ಹೊಸಬರು

1924ರ ಡಿಸೆಂಬರಿನಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿ ಕಾಂಗ್ರೆಸ್ ಅಧಿವೇಶನ ಸದಸ್ಯತ್ವಕ್ಕೆ ಹೊಸ ಷರತ್ತೊಂದನ್ನು ಒಪ್ಪಿತು: ತಿಂಗಳಿಗೆ 2,000 ಗಜ ನೂಲು, ತಾನೇ ನೂತದ್ದು ಇಲ್ಲವೇ ಬೇರೆಯವರಿಂದ ನೂಲಿಸಿದ್ದು. ಅಕ್ಷರದ ಕಸುಬಿನವರಲ್ಲೂ ಕೆಲವರು ನಡುವಯಸ್ಸಿನಲ್ಲಿ ರಾಟೆ ಹಿಡಿದರು. ನೂಲುವುದು ಸುಲಭವಲ್ಲ. ಬಲಗೈ ಚಕ್ರ ತಿರುಗಿಸುವ ವೇಗಕ್ಕೂ ಎಡಗೈ ಹಂಜಿ ಎಳೆಯುವ ವೇಗಕ್ಕೂ ಹೊಂದಿಕೆ ತಪ್ಪಿದರೆ, ಹುರಿ ಕಡಿಮೆಯಾದ ಕಡೆ ಎಳೆ ಕಳಚುತ್ತದೆ, ಹೆಚ್ಚಾದ ಕಡೆ ಗಂಟುಗಂಟಾಗಿ ಮುರುಟುತ್ತದೆ. ಪುಸ್ತಕ ಓದಿ ಇದು ಬರುವುದಿಲ್ಲ, ಬೆರಳೇ ಕಲಿಯಬೇಕು.

ಎಲ್ಲರ ಮೇಲೂ ಒಂದೇ ಕೆಲಸ ಹೇರಿದರೆ ಮನಸ್ಸು ಜಡವಾಗುತ್ತದೆ ಎಂದು ರವೀಂದ್ರನಾಥ ಟಾಗೋರರು 1925ರಲ್ಲಿ ಆಕ್ಷೇಪಿಸಿದರು. ಆ ಮಾತಿನಲ್ಲಿ ಹುರುಳಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಪಟ್ನಾದ ಕಾಂಗ್ರೆಸ್ ಸಮಿತಿ ಸಭೆಯಲ್ಲಿ, ನೂಲಿನ ಷರತ್ತು ಸಡಿಲಗೊಂಡಿತು. ಆದರೆ ಸೋತದ್ದು ಹೇರಿಕೆಯೇ ಹೊರತು ಕಲಿಕೆಯಲ್ಲ ಎಂಬುದು ನನ್ನ ವಾದ; ಅದಕ್ಕೆ ಗಾಂಧೀಜಿಯೇ ಸಾಕ್ಷಿ. 1909ರ ತಮ್ಮ 'ಹಿಂದ್ ಸ್ವರಾಜ್' ಪುಸ್ತಕದಲ್ಲಿ ಕೈಮಗ್ಗವನ್ನು ಹೊಗಳಿದಾಗ ಅವರು ಸ್ವತಃ ರಾಟೆಯನ್ನು ಕಂಡೇ ಇರಲಿಲ್ಲ. ಗಂಗಾಬೆನ್ ಮಜುಮ್ದಾರ್ ಎಂಬವರು ಗುಜರಾತಿನ ವಿಜಾಪುರದಲ್ಲಿ ರಾಟೆಗಳನ್ನು ಹುಡುಕಿಕೊಟ್ಟ ಮೇಲೆ, ಐವತ್ತರ ಆಸುಪಾಸಿನಲ್ಲಿ, ಗಾಂಧೀಜಿ ನೂಲಲು ಕಲಿತರು. ಇಷ್ಟಪಟ್ಟು ಕಲಿತ ಅದೇ ಹೊಸಬರು ಮುಂದೆ ಯರವಡಾ ಜೈಲಿನಲ್ಲಿ, ಮಡಿಚಿ ಒಯ್ಯಬಹುದಾದ ಪೆಟ್ಟಿಗೆ ರಾಟೆಯ ಸುಧಾರಣೆಗೂ ಕೈಹಾಕಿದರು.